ತಕ್ಕಡಿಗೆ ಸಿಗದ ಲೆಕ್ಕ

"ನಮಗೆಲ್ಲಿಯ ಸಕ್ಕರೆ ಖಾಯಿಲೆ? ಅದು ತೋರದವರಿಗೆ, ಕೂತು ಉಣ್ಣುವವರಿಗೆ ಬರುವಂಥದು. ನಾವು ಸಪೂರದವರು, ತೋಟದಲ್ಲಿ ಮೈಮುರಿದು ದುಡಿಯುವವರು" ಎಂಬ ಮಾತನ್ನು ನಮ್ಮ ಕಡೆಯ ಮನೆಗಳ ಜಗಲಿಯಲ್ಲಿ ಕೇಳದವರು ವಿರಳ. ಮದುವೆ, ಮುಂಜಿ, ಭೂತದ ಕೋಲಗಳಲ್ಲಿ ನಾಲ್ಕು ಜನ ಹಿರಿಯರು ಸೇರಿದಲ್ಲಿ ಈ ಮಾತು ಒಮ್ಮೆಯಾದರೂ ಬಂದೇ ಬರುತ್ತದೆ. ಹೀಗೆ ಹೇಳುತ್ತಿದ್ದವರೇ ಕೆಲವು ವರ್ಷಗಳ ಬಳಿಕ ಕಾಲಿನ ಹುಣ್ಣು ಮಾಯದೆಂದೋ ಕಣ್ಣು ಮಂಜಾಯಿತೆಂದೋ ವೈದ್ಯರ ಬಳಿ ಹೋಗಿ, ಸಕ್ಕರೆ ಖಾಯಿಲೆ ತಮ್ಮಲ್ಲಿ ಬಹುಕಾಲದಿಂದ ಮನೆಮಾಡಿತ್ತೆಂದು ತಿಳಿದು ಬರುವುದನ್ನೂ ನಾವು ಕಾಣುತ್ತಿದ್ದೇವೆ.

ದೇಹದ ಗಾತ್ರಕ್ಕೂ ಈ ರೋಗಕ್ಕೂ ಸಂಬಂಧವಿರುವುದು ನಿಜ. ಆದರೆ ಆ ಸಂಬಂಧ ನಾವು ತಿಳಿದಷ್ಟು ಸರಳವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ, ಒಂದು ಲಕ್ಷಕ್ಕೂ ಮಿಕ್ಕಿದ ಜನರನ್ನು ಪರೀಕ್ಷಿಸಿ ನಡೆಸಿದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. 20 ವರ್ಷ ಮೀರಿದವರಲ್ಲಿ ದೇಶದ ಸರಾಸರಿ ಶೇಕಡಾ 11.4 ಮಂದಿಗೆ ಮಧುಮೇಹವಿದ್ದರೆ, ನಾವು ಬಾಳುತ್ತಿರುವ ಕೇರಳದಲ್ಲಿ ಅದು ಶೇಕಡಾ 25.5. ಗೋವಾ ಮತ್ತು ಪುದುಚೇರಿಗಳನ್ನು ಬಿಟ್ಟರೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇರೆಲ್ಲಿಯೂ ಇಲ್ಲ. ನಾಲ್ವರಲ್ಲಿ ಒಬ್ಬರೆಂದರೆ ಪ್ರತಿ ಮನೆಯ ಬಾಗಿಲಿಗೂ ಬಂದ ಹಾಗೆಯೇ. ಈ ನಾಲ್ವರಲ್ಲಿ ಒಬ್ಬರೆಲ್ಲರೂ ಸ್ಥೂಲದೇಹಿಗಳೆಂದು ಯಾರೂ ಹೇಳಲಾರರು. ಹಾಗಿದ್ದರೆ ಸಪೂರದವನಿಗೂ ಈ ಖಾಯಿಲೆ ಬರುವುದೇಕೆ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಉತ್ತರವನ್ನು ತಕ್ಕಡಿಯಲ್ಲಿ ಹುಡುಕಿದರೆ ಸಿಗದು. ಹೊಟ್ಟೆಯೊಳಗೆ, ಜಠರದ ಹಿಂಬದಿಯಲ್ಲಿ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿಯಲ್ಲಿ ಹುಡುಕಬೇಕು.

ಈ ಗ್ರಂಥಿಯ ತೂಕ ವಯಸ್ಕರಲ್ಲಿ ಸುಮಾರಾಗಿ 70ರಿಂದ 100 ಗ್ರಾಂ. ಅದರ ಬಹುಪಾಲು ಊಟವನ್ನು ಅರಗಿಸುವ ರಸವನ್ನು ತಯಾರಿಸುವುದರಲ್ಲಿ ತೊಡಗಿರುತ್ತದೆ. ಆದರೆ ಅದರೊಳಗೆ ಅಲ್ಲಲ್ಲಿ, ಸಮುದ್ರದ ನಡುವಿನ ಕುದ್ರುಗಳಂತೆ, ಬೇರೆಯೇ ಬಗೆಯ ಜೀವಕೋಶಗಳ ಗುಂಪುಗಳಿವೆ. 1869ರಲ್ಲಿ ಬರ್ಲಿನ್ನಿನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ತರುಣನು ತನ್ನ ಪ್ರಬಂಧದಲ್ಲಿ ಇವುಗಳನ್ನು ಮೊದಲ ಬಾರಿಗೆ ವರ್ಣಿಸಿದನು. ಅವುಗಳ ಕೆಲಸವೇನೆಂದು ಆತನಿಗೆ ತಿಳಿದಿರಲಿಲ್ಲ. 1893ರಲ್ಲಿ ಫ್ರಾನ್ಸಿನ ಲಾಗೆಸ್ ಎಂಬ ವಿಜ್ಞಾನಿ ಅವಕ್ಕೆ ಲ್ಯಾಂಗರ್‌ಹಾನ್ಸನ ದ್ವೀಪಗಳೆಂದು ಹೆಸರಿಟ್ಟನು. ಅದಕ್ಕೂ ಮುಂಚೆ, 1889ರಲ್ಲಿ, ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದರೆ ಅದಕ್ಕೆ ಮಧುಮೇಹ ಬರುವುದೆಂದು ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ತೋರಿಸಿದ್ದರು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಆ ಗ್ರಂಥಿಯಿಂದ ಇನ್ಸುಲಿನ್ನನ್ನು ಬೇರ್ಪಡಿಸಿ, ಮರುವರ್ಷ ಸಾವಿನಂಚಿನಲ್ಲಿದ್ದ ಬಾಲಕನೊಬ್ಬನಿಗೆ ಅದನ್ನು ಚುಚ್ಚಿ ಬದುಕಿಸಿದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು.

ಈ ದ್ವೀಪಗಳ ಒಟ್ಟು ಸಂಖ್ಯೆ ಸುಮಾರು ಹತ್ತು ಲಕ್ಷ. ಅವೆಲ್ಲ ಸೇರಿದರೂ ಇಡೀ ಗ್ರಂಥಿಯ ನೂರರಲ್ಲಿ ಒಂದೆರಡು ಪಾಲು ಮಾತ್ರ. ಇನ್ಸುಲಿನ್ ಉತ್ಪಾದಿಸುವ ಬೀಟಾ ಕೋಶಗಳನ್ನಷ್ಟೇ ಒಟ್ಟುಗೂಡಿಸಿದರೆ ಸುಮಾರು ಒಂದು ಗ್ರಾಂ ಆದೀತು. ಅರುವತ್ತು, ಎಪ್ಪತ್ತು ಕಿಲೋ ತೂಗುವ ಮನುಷ್ಯನು ಉಂಡ ಅನ್ನವೆಲ್ಲ ಅವನ ಮೈಗೆ ಹತ್ತಬೇಕಾದರೆ ಈ ಒಂದು ಗ್ರಾಂ ಪದಾರ್ಥ ದಿನವಿಡೀ ದುಡಿಯಬೇಕು. ಈ ಒಂದು ಗ್ರಾಂ ನಮ್ಮ ಬಂಡವಾಳ, ಆ ಅರುವತ್ತು ಕಿಲೋ ದೇಹ ನಮ್ಮ ಖರ್ಚು ಎಂದು ತಿಳಿದುಕೊಂಡರೆ ಮುಂದಿನ ಸಂಗತಿ ಸುಲಭವಾಗುತ್ತದೆ.

ಹಾಗಾದರೆ ದೇಹ ದೊಡ್ಡದಾದಂತೆ ದ್ವೀಪಗಳ ರಾಶಿಯೂ ದೊಡ್ಡದಾಗುತ್ತದೆಯೇ? ಬೆಳೆಯುವ ಮಗುವಿನಲ್ಲಿ ಆಗುತ್ತದೆ. ಬೀಟಾ ಕೋಶಗಳು ಬಹಳವಾಗಿ ವೃದ್ಧಿಸುವುದು ಹುಟ್ಟುವ ಮೊದಲು ಮತ್ತು ಹುಟ್ಟಿದ ಮೊದಲ ಕೆಲವು ವರ್ಷಗಳಲ್ಲಿ. ಪ್ರಾಯ ಬಂದ ಮೇಲೆ ಹೊಸ ಕೋಶಗಳ ಹುಟ್ಟು ಅತ್ಯಲ್ಪ. ಆಳು ದೊಡ್ಡವನಾದರೆ ಅವನ ಗ್ರಂಥಿಯೂ ಸಾಮಾನ್ಯವಾಗಿ ದೊಡ್ಡದಿರುತ್ತದೆ. ಸ್ಥೂಲದೇಹಿಗಳಲ್ಲಿ ಈ ದ್ವೀಪಗಳು ಹಿಗ್ಗಿರುವುದನ್ನು ಎಡಿನ್‌ಬರೋದ ಒಗಿಲ್ವಿ ಎಂಬ ವೈದ್ಯರು 1933ರಷ್ಟು ಹಿಂದೆಯೇ ಗಮನಿಸಿದ್ದರು. 2003ರಲ್ಲಿ ಪೀಟರ್ ಬಟ್ಲರ್ ಮತ್ತವರ ಸಂಗಡಿಗರು ಅಮೆರಿಕದಲ್ಲಿ ಮೃತರಾದ 124 ಮಂದಿಯ ಗ್ರಂಥಿಗಳನ್ನು ಪರೀಕ್ಷಿಸಿ ಪ್ರಕಟಿಸಿದ ಲೆಕ್ಕ ಇನ್ನೂ ಸ್ಪಷ್ಟವಾಗಿದೆ. ಮಧುಮೇಹವಿಲ್ಲದ ಸ್ಥೂಲದೇಹಿಗಳಲ್ಲಿ ಬೀಟಾ ಕೋಶಗಳ ಪಾಲು ಸಪೂರದವರಿಗಿಂತ ಸುಮಾರು ಒಂದೂವರೆ ಪಟ್ಟು ಇತ್ತು. ಮಧುಮೇಹವಿದ್ದ ಸ್ಥೂಲದೇಹಿಗಳಲ್ಲಿ ಅದು ಅವರಷ್ಟೇ ಗಾತ್ರದ ಆರೋಗ್ಯವಂತರಿಗಿಂತ ಶೇಕಡಾ 63ರಷ್ಟು ಕಡಿಮೆ. ಮಧುಮೇಹವಿದ್ದ ಸಪೂರದವರಲ್ಲಿ, ಸಪೂರದ ಆರೋಗ್ಯವಂತರಿಗಿಂತ ಶೇಕಡಾ 41ರಷ್ಟು ಕಡಿಮೆ.

ಈ ಅಂಕಿಗಳ ತಾತ್ಪರ್ಯವನ್ನು ವಾಚಕರು ಗಮನಿಸಬೇಕು. ತೋರವಾಗಿದ್ದೂ ಸಕ್ಕರೆ ಖಾಯಿಲೆ ಬಾರದವನು ಏರಿದ ಖರ್ಚಿಗೆ ತಕ್ಕಂತೆ ಬಂಡವಾಳವನ್ನೂ ಏರಿಸಿಕೊಂಡವನು. ಸಪೂರನಾಗಿದ್ದೂ ಖಾಯಿಲೆ ಬಂದವನು, ಖರ್ಚು ಕಡಿಮೆಯಿದ್ದರೂ ಅದಕ್ಕಿಂತಲೂ ಕಡಿಮೆ ಬಂಡವಾಳವುಳ್ಳವನು. ಮಧುಮೇಹ ನಿರ್ಧಾರವಾಗುವುದು ದೇಹದ ಗಾತ್ರವೊಂದರಿಂದಲೂ ಅಲ್ಲ, ದ್ವೀಪಗಳ ರಾಶಿಯೊಂದರಿಂದಲೂ ಅಲ್ಲ, ಇವೆರಡರ ನಡುವಣ ಹೊಂದಾಣಿಕೆಯಿಂದ. ಒಂದೇ ಎತ್ತರ, ಒಂದೇ ತೂಕದ ಇಬ್ಬರಲ್ಲಿ ಈ ರಾಶಿ ಒಬ್ಬನಿಗಿಂತ ಇನ್ನೊಬ್ಬನಲ್ಲಿ ಎರಡು ಮೂರು ಪಟ್ಟು ಹೆಚ್ಚಿರುವುದೂ ಉಂಟು. ಆದ್ದರಿಂದ ಹೊರಗಿನ ಅಳತೆಯಿಂದ ಒಳಗಿನ ರಾಶಿಯನ್ನು ಊಹಿಸಲು ಹೊರಡುವುದು ಅಂಗಡಿಯ ಫಲಕವನ್ನು ನೋಡಿ ಗಲ್ಲೆಪೆಟ್ಟಿಗೆಯಲ್ಲಿರುವ ಹಣವನ್ನು ಎಣಿಸಿದಂತೆ. ಜೀವಂತ ಮನುಷ್ಯನಲ್ಲಿ ಈ ರಾಶಿಯನ್ನು ನೇರವಾಗಿ ಅಳೆಯುವ ವಾಡಿಕೆಯ ಪರೀಕ್ಷೆ ಇಂದಿಗೂ ಇಲ್ಲ.

ಈ ಹೊಂದಾಣಿಕೆಯ ಮಾತು ಬರಿಯ ತರ್ಕವಲ್ಲವೆಂಬುದಕ್ಕೆ ದ್ವೀಪಗಳ ಕಸಿಯೇ ಸಾಕ್ಷಿ. 2000ದಲ್ಲಿ ಕೆನಡಾದ ಎಡ್‌ಮಂಟನ್ ನಗರದ ವೈದ್ಯರು ಮೃತ ದಾನಿಗಳ ಗ್ರಂಥಿಯಿಂದ ದ್ವೀಪಗಳನ್ನು ಬೇರ್ಪಡಿಸಿ ಏಳು ಮಂದಿ ರೋಗಿಗಳ ಯಕೃತ್ತಿಗೆ ಸೇರಿಸಿ, ಅವರು ಇನ್ಸುಲಿನ್ ಚುಚ್ಚುಮದ್ದಿಲ್ಲದೆ ಇರುವಂತೆ ಮಾಡಿದ್ದನ್ನು ಪ್ರಕಟಿಸಿದರು. ಅಲ್ಲಿ ಎಷ್ಟು ದ್ವೀಪಗಳು ಬೇಕೆಂಬುದನ್ನು ರೋಗಿಯ ತೂಕದ ಮೇಲೆಯೇ ಲೆಕ್ಕ ಹಾಕುವುದು. ಪ್ರತಿ ಕಿಲೋ ತೂಕಕ್ಕೆ ಸುಮಾರು ಹತ್ತು ಸಾವಿರ, ಅಂದರೆ 60 ಕಿಲೋ ತೂಗುವವನಿಗೆ ಆರು ಲಕ್ಷ. ಹೊರತೆಗೆಯುವಾಗ ಬಹಳಷ್ಟು ನಷ್ಟವಾಗುವುದರಿಂದ ಒಬ್ಬ ರೋಗಿಗೆ ಅನೇಕ ವೇಳೆ ಇಬ್ಬರು ದಾನಿಗಳು ಬೇಕಾಗುತ್ತಾರೆ. ದಾನಿಯ ಮೈಕಟ್ಟು ದೊಡ್ಡದಾಗಿದ್ದರೆ ದ್ವೀಪಗಳು ಹೆಚ್ಚು ಸಿಗುವ ಸಂಭವ ಹೆಚ್ಚು, ಪಡೆಯುವವನ ಮೈಕಟ್ಟು ಚಿಕ್ಕದಾಗಿದ್ದರೆ ಅಷ್ಟರಲ್ಲೇ ತೃಪ್ತಿ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ಇಂಥ ಚಿಕಿತ್ಸೆಗೆ ಮೊದಲ ಬಾರಿ ಅನುಮತಿ ನೀಡಿತು. ಆದರೆ ಕಸಿ ಮಾಡಿಸಿಕೊಂಡವರು ದೇಹ ಅದನ್ನು ತಿರಸ್ಕರಿಸದಂತೆ ಮದ್ದು ತೆಗೆದುಕೊಳ್ಳುತ್ತಲೇ ಇರಬೇಕು. ಕೋಟ್ಯಂತರ ರೋಗಿಗಳಿರುವ ನಮ್ಮ ದೇಶಕ್ಕೆ ಇದು ಉತ್ತರವಲ್ಲ. ಇರುವ ಒಂದು ಗ್ರಾಂ ಬಂಡವಾಳವನ್ನು ಕಾಪಾಡಿಕೊಳ್ಳುವುದೇ ನಮಗಿರುವ ದಾರಿ.

ಇನ್ನು ನಮ್ಮವರ ಸ್ಥಿತಿ ಏನೆಂದು ನೋಡೋಣ. ಅಮೆರಿಕದವರ ಗ್ರಂಥಿ ದೇಹಕ್ಕೆ ತಕ್ಕಂತೆ ಹಿಗ್ಗುವುದೆಂದ ಮಾತ್ರಕ್ಕೆ ಏಷ್ಯದವರದೂ ಹಿಗ್ಗುತ್ತದೆಂದು ಭಾವಿಸಬೇಕಿಲ್ಲ. ಟೋಕಿಯೋದ ಕೀಯೋ ವಿಶ್ವವಿದ್ಯಾನಿಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಧುಮೇಹವಿಲ್ಲದ ತೋರದ ಜಪಾನೀಯರಲ್ಲಿ ಬೀಟಾ ಕೋಶಗಳ ರಾಶಿ ಸಪೂರದವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ. ಖರ್ಚು ಏರಿದರೂ ಬಂಡವಾಳ ಏರದಿದ್ದರೆ ಗತಿಯೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಚೆನ್ನೈಯ ಜನರನ್ನೂ ಅಮೆರಿಕದ ಪೀಮಾ ಬುಡಕಟ್ಟಿನವರನ್ನೂ ಹೋಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ದಿಕ್ಕಿನತ್ತ ಬೆರಳು ತೋರಿಸುತ್ತದೆ. ಪೀಮಾ ಜನರು ಹೆಚ್ಚು ತೋರ, ಚೆನ್ನೈಯವರು ಅವರಿಗಿಂತ ಎಷ್ಟೋ ಸಪೂರ. ಆದರೆ ಇನ್ಸುಲಿನ್ ಸ್ರವಿಸುವ ಶಕ್ತಿಯಲ್ಲಿ ಹಿಂದೆ ಬಿದ್ದವರು ಚೆನ್ನೈಯವರೇ.

ಇದಕ್ಕೆ ಮೂಲ ತಾಯಿಯ ಗರ್ಭದಲ್ಲೇ ಇರಬಹುದೆಂದು 1992ರಲ್ಲಿ ಇಂಗ್ಲೆಂಡಿನ ಹೇಲ್ಸ್ ಮತ್ತು ಬಾರ್ಕರ್ ವಾದಿಸಿದರು. ಗರ್ಭದಲ್ಲಿ ಪೋಷಣೆ ಸಾಲದಾದಾಗ ಶಿಶು ಮಿದುಳನ್ನು ಉಳಿಸಿಕೊಂಡು ಮಿಕ್ಕ ಅಂಗಗಳಲ್ಲಿ ಜಿಪುಣತನ ಮಾಡುತ್ತದೆ, ಬೀಟಾ ಕೋಶಗಳು ಅಂಥ ಜಿಪುಣತನಕ್ಕೆ ಬಲಿಯಾಗುತ್ತವೆ ಎಂಬುದು ಅವರ ಅಭಿಪ್ರಾಯ. ಪುಣೆಯ ಡಾ. ಯಾಜ್ಞಿಕ್ ಅವರು ಅಲ್ಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳೊಡನೆ ಹೋಲಿಸಿದರು. ನಮ್ಮವು ಸರಾಸರಿ 2.7 ಕಿಲೋ, ಅಲ್ಲಿಯವು 3.5 ಕಿಲೋ. ನಮ್ಮ ಮಕ್ಕಳ ಮಾಂಸಖಂಡ, ಹೊಟ್ಟೆಯ ಅಂಗಗಳೆಲ್ಲ ಕುಗ್ಗಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚು ಕುಗ್ಗಿರಲಿಲ್ಲ. ಸಪೂರದಲ್ಲೇ ಅಡಗಿರುವ ಈ ತೋರತನ ನಾವು ಹುಟ್ಟುವಾಗಲೇ ಹೊತ್ತು ತರುವಂಥದು. ಇದೇ ಯಾಜ್ಞಿಕರೂ ಲಂಡನ್ನಿನ ಡಾ. ಯಡ್ಕಿನ್ನರೂ 2004ರಲ್ಲಿ ತಮ್ಮ ಮೈಯ ಲೆಕ್ಕವನ್ನೇ ಪ್ರಕಟಿಸಿದರು. ಎತ್ತರ ತೂಕಗಳಿಂದ ಗುಣಿಸಿ ತೆಗೆಯುವ ದೇಹತೂಕ ಸೂಚ್ಯಂಕ ಇಬ್ಬರಿಗೂ ಸರಿಯಾಗಿ 22.3. ಆದರೆ ಮೈಯಲ್ಲಿದ್ದ ಕೊಬ್ಬು ಯಡ್ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2. ಬೆಲ್ಜಿಯಂನ ಕ್ವೆಟ್ಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಜನಸಮೂಹಗಳನ್ನು ಅಳೆಯಲು ಹೂಡಿದ ಸೂತ್ರವನ್ನು ಒಬ್ಬೊಬ್ಬನಿಗೂ ಜಾತಕದಂತೆ ಓದಿದರೆ ಆಗುವ ಎಡವಟ್ಟು ಇದು.

ನಮಗೆ ಹತ್ತಿರದ ಮೈಸೂರಿನ ಪಾಠ ಇನ್ನೂ ಸೂಕ್ಷ್ಮವಾದುದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದಗಳನ್ನು ಬರೆದಿಟ್ಟ ಕಡತಗಳು ಉಳಿದುಬಂದಿದ್ದವು. ಆ ಮಕ್ಕಳು ನಲುವತ್ತು, ಅರುವತ್ತರ ಪ್ರಾಯದವರಾದ ಮೇಲೆ ಅವರನ್ನು ಹುಡುಕಿ ಪರೀಕ್ಷಿಸಿದಾಗ, ಉದ್ದಕ್ಕೆ ಹೋಲಿಸಿದರೆ ತೂಕ ಹೆಚ್ಚಿದ್ದ ಗಿಡ್ಡ ಶಿಶುಗಳಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚಿರುವುದು 1998ರಲ್ಲಿ ತಿಳಿದುಬಂತು. ಅಂಥವರ ಇನ್ಸುಲಿನ್ ಸ್ರಾವವೂ ದುರ್ಬಲವಾಗಿತ್ತು. ಆದ್ದರಿಂದ ಮಗು ಚಿಕ್ಕದಾದರೆ ಕೆಟ್ಟದು, ಗುಂಡುಗುಂಡಾದರೆ ಒಳ್ಳೆಯದು ಎಂಬ ಅಜ್ಜಿಯರ ತೀರ್ಮಾನವೂ ಪೂರ್ತಿ ಸರಿಯಲ್ಲ. ದೆಹಲಿಯಲ್ಲಿ 1969ರಿಂದ 1972ರ ನಡುವೆ ಹುಟ್ಟಿದವರನ್ನು ಹಿಂಬಾಲಿಸಿದ ಅಧ್ಯಯನ 2004ರಲ್ಲಿ ಇನ್ನೊಂದು ಎಚ್ಚರಿಕೆ ಕೊಟ್ಟಿತು. ಶೈಶವದಲ್ಲಿ ಸಪೂರವಾಗಿದ್ದು, ಎರಡು ವರ್ಷದಿಂದ ಹನ್ನೆರಡರವರೆಗೆ ತಮ್ಮ ಹಿಂದಿನ ಅಳತೆಯನ್ನು ಮೀರಿ ಮೈ ಬಂದವರಲ್ಲೇ ಮೂವತ್ತರ ಆಸುಪಾಸಿನಲ್ಲಿ ಸಕ್ಕರೆಯ ತೊಂದರೆ ಹೆಚ್ಚು ಕಂಡುಬಂತು. ಅವರಲ್ಲಿ ಹೆಚ್ಚಿನವರು ಬಾಲ್ಯದಲ್ಲಿ ಸ್ಥೂಲರೆಂದು ಕರೆಸಿಕೊಳ್ಳುವಷ್ಟು ತೋರವೂ ಇರಲಿಲ್ಲ.

ಕೇರಳದ ನೆಲಕ್ಕೆ ಈ ವಿಷಯದಲ್ಲಿ ತನ್ನದೇ ಆದ ಒಂದು ದುಃಖದ ಅಧ್ಯಾಯವುಂಟು. ಎಳೆಯ ಪ್ರಾಯದ, ಬಡತನದ, ಎಲುಬು ಕಾಣುವಷ್ಟು ಬಡಕಲಾದ ರೋಗಿಗಳ ಮೇದೋಜೀರಕ ಗ್ರಂಥಿಯಲ್ಲಿ ಕಲ್ಲುಗಳು ಕಟ್ಟಿಕೊಂಡು, ಗ್ರಂಥಿ ನಾರುನಾರಾಗಿ, ಅದರೊಡನೆ ದ್ವೀಪಗಳೂ ನಾಶವಾಗಿ ಮಧುಮೇಹ ಬರುವುದನ್ನು ಡಾ. ಗೀವರ್ಗೀಸ್ ಅವರು 1960ರ ದಶಕದಲ್ಲಿ ಇಲ್ಲಿಯೇ ವಿಸ್ತಾರವಾಗಿ ದಾಖಲಿಸಿದರು. ಅಕ್ಕಿಗೆ ಗತಿಯಿಲ್ಲದ ಬಡವರು ಮರಗೆಣಸನ್ನೇ ನೆಚ್ಚಿದುದು ಇದಕ್ಕೆ ಕಾರಣವಿರಬಹುದೆಂಬ ಶಂಕೆ ಬಹುಕಾಲ ಇತ್ತು. ಅದು ಸಿದ್ಧವಾಗಲಿಲ್ಲ. ಅನೇಕರಲ್ಲಿ ವಂಶವಾಹಿಯ ದೋಷವಿರುವುದು ಬಳಿಕ ತಿಳಿಯಿತು. ಈ ಬಗೆಯ ರೋಗ ಈಗ ಮೊದಲಿಗಿಂತ ಕಡಿಮೆಯಾಗಿದೆ. ಆದರೆ ಗ್ರಂಥಿಯಲ್ಲಿ ಕಲ್ಲಿಲ್ಲದೆಯೂ, ಬಾಲ್ಯದ ಅರೆಹೊಟ್ಟೆಯಿಂದಲೇ ಇನ್ಸುಲಿನ್ ಶಕ್ತಿ ಕುಂದಿದ ಸಪೂರದ ರೋಗಿಗಳು ನಮ್ಮ ದೇಶದಲ್ಲಿ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಇವರಿಗೆ ಪ್ರತ್ಯೇಕ ವಿಭಾಗ ಕೊಟ್ಟು, 1999ರಲ್ಲಿ ಅದನ್ನು ತೆಗೆದುಹಾಕಿತ್ತು. ವೆಲ್ಲೂರಿನ ವೈದ್ಯರೂ ಅಮೆರಿಕದ ಸಂಶೋಧಕರೂ ಕೂಡಿ ಸಾಧಾರಪಡಿಸಿದ ಬಳಿಕ, 2025ರಲ್ಲಿ ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ ಇದನ್ನು ಐದನೆಯ ವಿಧದ ಮಧುಮೇಹವೆಂದು ಅಂಗೀಕರಿಸಿತು. ಹಸಿವಿನಿಂದಲೂ ಸಕ್ಕರೆ ಖಾಯಿಲೆ ಬರಬಹುದೆಂಬುದನ್ನು ಲೋಕ ಒಪ್ಪಲು ಇಷ್ಟು ಕಾಲ ಬೇಕಾಯಿತು.

ಸಪೂರದವರಿಗೂ ಬರುವುದಾದರೆ ತೋರವಾಗಲು ಅಂಜಿಕೆಯೇಕೆ ಎಂದು ಯಾರೂ ತಪ್ಪು ತಿಳಿಯಬಾರದು. ಬಂಡವಾಳ ಚಿಕ್ಕದೆಂದು ತಿಳಿದವನು ಖರ್ಚನ್ನು ಇನ್ನಷ್ಟು ಬಿಗಿಹಿಡಿಯಬೇಕು. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ರಮಬದ್ಧವಾಗಿ ತೂಕ ಇಳಿಸಿಕೊಂಡ ತೋರದ ರೋಗಿಗಳಲ್ಲಿ ಶೇಕಡಾ 46 ಮಂದಿ ಒಂದು ವರ್ಷದಲ್ಲಿ ಔಷಧವಿಲ್ಲದೆ ಸಕ್ಕರೆಯನ್ನು ಹತೋಟಿಗೆ ತಂದರು. ಹಾಗೆ ಚೇತರಿಸಿಕೊಂಡವರ ಕುಗ್ಗಿದ್ದ ಗ್ರಂಥಿ ಎರಡು ವರ್ಷಗಳಲ್ಲಿ ಮತ್ತೆ ಬೆಳೆದುದೂ ಕಂಡುಬಂತು. ಹೆಚ್ಚು ತೋರವಲ್ಲದ 20 ಮಂದಿಯ ಮೇಲೆ ನಡೆದ ಇನ್ನೊಂದು ಚಿಕ್ಕ ಪ್ರಯೋಗದಲ್ಲಿ 14 ಮಂದಿ ಇದೇ ಫಲ ಪಡೆದರು. ಆದರೆ ಮೊದಲೇ ಬಡಕಲಾದವನು, ತೂಕ ತಾನಾಗಿ ಇಳಿಯುತ್ತಿರುವವನು ಈ ಹಾದಿ ಹಿಡಿಯುವುದು ಅಪಾಯಕಾರಿ. ಅಂಥವನಿಗೆ ಬೇಕಾದುದು ಪೋಷಣೆ, ವೈದ್ಯರ ತಪಾಸಣೆ, ಅಗತ್ಯವಾದರೆ ಇನ್ಸುಲಿನ್. ಇಬ್ಬರಿಗೂ ಒಂದೇ ಪಥ್ಯ ಹೇಳುವ ನೆರೆಮನೆಯ ಸಲಹೆಗಾರರಿಂದ ದೂರವಿರುವುದು ಲೇಸು.

ಮಾಡಬೇಕಾದುದು ದೊಡ್ಡ ಖರ್ಚಿನ ಕೆಲಸವೇನೂ ಅಲ್ಲ. ನಮ್ಮ ದೇಶದವರಿಗೆ ದೇಹತೂಕ ಸೂಚ್ಯಂಕ 23 ದಾಟಿದರೆ ಎಚ್ಚರಿಕೆ ಬೇಕೆಂದು ತಜ್ಞರು 2009ರಲ್ಲೇ ಹೇಳಿದ್ದಾರೆ. ಪಾಶ್ಚಾತ್ಯರ 25ರ ಗೆರೆ ನಮ್ಮದಲ್ಲ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರು ಮೀರಬಾರದು. ದರ್ಜಿಯ ಟೇಪೊಂದು ಮನೆಯಲ್ಲಿದ್ದರೆ ಸಾಕು. ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರಿಗೆ ತಕ್ಕಡಿ ಹೇಳದ ಸತ್ಯವನ್ನು ಅದು ಹೇಳುತ್ತದೆ. ಆದರೆ ಟೇಪೂ ಕೊನೆಯ ಮಾತಲ್ಲ. ರಕ್ತ ಪರೀಕ್ಷೆಯೇ ಕೊನೆಯ ಮಾತು. ಬರಿಹೊಟ್ಟೆಯಲ್ಲಿ 126 ಅಥವಾ ಅದಕ್ಕೆ ಮಿಕ್ಕಿ, ಇಲ್ಲವೇ ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆಯಲ್ಲಿ 6.5 ಅಥವಾ ಅದಕ್ಕೆ ಮಿಕ್ಕಿ ಬಂದು, ಮರುಪರೀಕ್ಷೆಯಲ್ಲೂ ಹಾಗೆಯೇ ಕಂಡರೆ ಅದು ಮಧುಮೇಹ. ಮೂವತ್ತು ದಾಟಿದವರೆಲ್ಲರ ತಪಾಸಣೆ ಸರಕಾರದ ಕಾರ್ಯಕ್ರಮದಲ್ಲೇ ಇದೆ. ಮನೆಯ ತೋರದ ಅಣ್ಣನನ್ನು ಕಳುಹಿಸಿ ಸಪೂರದ ತಮ್ಮನನ್ನು ಮನೆಯಲ್ಲಿ ಕೂರಿಸುವುದು ಬೇಡ. ಆರೋಗ್ಯ ಕೇಂದ್ರಗಳ ಸಿಬ್ಬಂದಿಯೂ ಮುಖ ನೋಡಿ ಮಣೆ ಹಾಕುವಂತೆ ಮೈ ನೋಡಿ ಪರೀಕ್ಷೆ ಬರೆಯುವ ರೂಢಿಯನ್ನು ಬಿಡಬೇಕು.

ಅದಕ್ಕಿಂತಲೂ ಮೊದಲು ಆಗಬೇಕಾದುದು ಹೆಣ್ಣುಮಕ್ಕಳ ಊಟ. ನಾಳೆ ಹುಟ್ಟುವ ಮಗುವಿನ ದ್ವೀಪಗಳು ರೂಪುಗೊಳ್ಳುವುದು ಇಂದಿನ ಹುಡುಗಿಯ ಒಡಲಲ್ಲಿ. ಮನೆಯವರೆಲ್ಲ ಉಂಡ ಮೇಲೆ ಉಳಿದುದನ್ನು ಉಣ್ಣುವ ಹೆಂಗಸರ ಪದ್ಧತಿ ನಮ್ಮ ಕುಟುಂಬಗಳಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಗರ್ಭಿಣಿಯರಿಗೆ ಸಕ್ಕರೆ ಪರೀಕ್ಷೆ ತಪ್ಪಬಾರದು. ಹುಟ್ಟಿದ ಮಗುವಿನ ತೂಕ ಬರೆದ ಚೀಟಿಯನ್ನು ಜಾತಕದ ಜೊತೆಯಲ್ಲೇ ಜೋಪಾನವಾಗಿ ಇಡಬೇಕು. ಮೈಸೂರಿನ ಆಸ್ಪತ್ರೆಯಲ್ಲಿ ಯಾರೋ ಪುಣ್ಯಾತ್ಮರು ಕಾಪಾಡಿದ ಹಳೆಯ ಕಡತಗಳು ಅರುವತ್ತು ವರ್ಷಗಳ ಬಳಿಕ ಲೋಕಕ್ಕೆ ಪಾಠ ಹೇಳಿದುದನ್ನು ಮರೆಯಬಾರದು.

ಸಪೂರವಾಗಿರುವುದು ದೋಷವೂ ಅಲ್ಲ, ಅಭಯವೂ ಅಲ್ಲ. ಅರುವತ್ತು ಕಿಲೋ ದೇಹವನ್ನು ನಡೆಸುವ ಆ ಒಂದು ಗ್ರಾಂ ನಮಗೆ ಕಾಣದು, ಅದು ಸೋಲುವಾಗ ಸದ್ದೂ ಕೇಳಿಸದು. ಆದ್ದರಿಂದ ಮೈ ನೋಡಿ ನೆಮ್ಮದಿಯಿಂದಿರುವ ನಮ್ಮ ಹಿರಿಯರೆಲ್ಲ ಈ ವಾರವೇ ಒಂದು ಹನಿ ರಕ್ತ ಕೊಟ್ಟು ತಮ್ಮ ಲೆಕ್ಕವನ್ನು ತಿಳಿದುಕೊಳ್ಳಲೆಂದು ನಾವು ವಿನಂತಿಸುತ್ತೇವೆ.